ಉದ್ದ ಕಾಯಿ ನೋಡಿ ಕೊಡಲಿ ಎತ್ತಬೇಡಿ

ಗುಡೇಕೋಟೆಯ ಪಾಲಣ್ಣ ಹಂಪಸಾಗರದ ಬೀಗರ ಮನೆಯಿಂದ ಒಂದು ಚೀಲ ಹುಣಸೆಹಣ್ಣು ಹೊತ್ತು ತಂದ. ಹೊಳೆ ದಂಡೆಯ ಮರದ್ದು. ಒಂದೊಂದು ಕಾಯಿ ಗೇಣುದ್ದ. ಅಷ್ಟಕ್ಕೇ ಅವನ ತಲೆ ತಿರುಗಿತು. ತನ್ನ ಹೊಲದ ಬದುವಿನಲ್ಲಿ ಅಪ್ಪನ ಕಾಲದಿಂದ ಇದ್ದ ಹುಣಸೆ ಮರವನ್ನು ಸೌದೆಗೆ ಕೊಡುತ್ತೇನೆಂದು ಇಟ್ಟಿಗೆ ಭಟ್ಟಿಯ ಗುರುಸಂಗಪ್ಪನಿಗೆ ಮಾತು ಕೊಟ್ಟುಬಿಟ್ಟ. ಆ ಮರದ ಕಾಯಿ ಬೆರಳುದ್ದ, ಅದೂ ಡೊಂಕು. ಅದನ್ನು ಕಡಿಸಿ, ಅಲ್ಲಿ ಉದ್ದ ಕಾಯಿಯ ಬೀಜ ಹಾಕುವುದು ಇವನ ಲೆಕ್ಕ. ಮರುದಿನ ಬೆಳಿಗ್ಗೆ ಕೊಡಲಿಯವರು ಬರುವವರಿದ್ದರು.

ಹೆಂಡತಿ ಗಾಳೆಮ್ಮ ಬೇಡವೆಂದರೂ ಕೇಳಲಿಲ್ಲ. ಅವಳು ಸೀದಾ ಹೋಗಿ ಪಾಲಣ್ಣನ ಅಕ್ಕ ಅಂಜಿನಕ್ಕನನ್ನು ಕರೆತಂದಳು. ಇಪ್ಪತ್ತು ವರ್ಷದಿಂದ ವ್ಯಾಪಾರಿಗಳಿಗೆ ಹುಣಸೆಹಣ್ಣು ಬಡಿದು ಬೀಜ ತೆಗೆದುಕೊಡುವ ಹೆಂಗಸು ಅವಳು. ಹಣ್ಣು ಮುಟ್ಟಿದರೆ ಸಾಕು, ಒಳಗೆಷ್ಟು ಹುಳಿ, ಅಂದರೆ ತಿರುಳು, ಇದೆಯೆಂದು ಅವಳ ಕೈಗೆ ಗೊತ್ತು.

“ಲೇ ತಮ್ಮಾ, ಆ ಗಿಡ ಕಡಿಸ್ತೀಯಂತ? ತಲಿ ನೆಟ್ಟಗೈತೋ ಇಲ್ಲೋ ನಿನಗ?”

“ಅಕ್ಕಾ, ಮೊದಲು ಈ ಕಾಯಿ ನೋಡು. ಎಷ್ಟುದ್ದ ಐತಿ!”

“ಐತಿ. ನಿನ್ನ ಹೆಂಡ್ತಿ ಸಾರಿಗೆ ಉದ್ದ ಹಾಕ್ತಾಳೇನು? ಹುಳಿ ಹಾಕ್ತಾಳ. ಹುಳಿ ಎಷ್ಟೈತಿ ನೋಡೀಯೇನು?”

“ಕಾಯಿ ದೊಡ್ಡದಾದ್ರ ಹುಳೀನೂ ಹೆಚ್ಚಿರ್ತೈತಿ. ಇದನ್ನೂ ಕೇಳಬೇಕೇನು?”

“ಕೇಳಬ್ಯಾಡ. ತಕ್ಕಡಿ ತಾ.”

ಎರಡೂ ಮರದ ಹಣ್ಣನ್ನು ಒಂದೊಂದು ಕಿಲೋ ತೂಗಿದರು. ಹೆಂಗಸರಿಬ್ಬರೂ ಕೂತು ಸಿಪ್ಪೆ ಒಡೆದು, ನಾರು ಎಳೆದು, ಬೀಜ ತೆಗೆದರು. ಉದ್ದ ಕಾಯಿಯಲ್ಲಿ ಸಿಪ್ಪೆಯೇ ರಾಶಿ, ಬೀಜವೇ ರಾಶಿ. ಉಳಿದ ಹುಳಿಯನ್ನು ಆ ತಟ್ಟೆಗೊಂದು, ಈ ತಟ್ಟೆಗೊಂದು ಹಾಕಿದರು. ಬದುವಿನ ಮರದ ಹುಳಿ ಇದ್ದ ತಟ್ಟೆ ಠಪ್ಪನೆ ನೆಲಕ್ಕೆ ಕೂತಿತು.

“ತಕ್ಕಡಿ ಸರಿ ಇಲ್ಲ,” ಎಂದ ಪಾಲಣ್ಣ. ತಟ್ಟೆ ಅದಲುಬದಲು ಮಾಡಿ ತೂಗಿದ. ಮತ್ತೆ ಅದೇ.

“ಇನ್ನೊಂದು ಸಲ ತೂಗ್ರಿ. ಸಂಜಿತನಕ ತೂಗ್ರಿ,” ಎಂದಳು ಗಾಳೆಮ್ಮ. “ಬಡಿಯಾಕ ನಾವದೀವಲ್ಲ.”

ಆದರೂ ಬಿಡಲಿಲ್ಲ ಪುಣ್ಯಾತ್ಮ. “ಎಲ್ಲ ಮಣ್ಣಿನ ಗುಣ ಅಕ್ಕಾ. ನಮ್ಮ ಕಲ್ಲು ನೆಲದಾಗ ಈ ಬೀಜ ಹಾಕಿದ್ರ ಕಾಯಿ ಉದ್ದಾನೂ ಬರ್ತೈತಿ, ಹುಳೀನೂ ಬರ್ತೈತಿ.”

“ಮಣ್ಣಿನ ಗುಣ ಇಲ್ಲಂತ ನಾ ಎಲ್ಲಿ ಅಂದೆ? ಆದ್ರ ಅದೇ ಬದುವಿನಾಗ ಇಪ್ಪತ್ತು ಹೆಜ್ಜಿ ಆಚೆ ಇನ್ನೊಂದು ಗಿಡ ಐತಿ. ಅದರ ಕಾಯಾಗ ಬರೇ ನಾರು. ಅದರ ಮಣ್ಣೇನು ಹಂಪಸಾಗರದಿಂದ ಬಂದೈತೇನು? ಗಿಡದಿಂದ ಗಿಡಕ್ಕ ಗುಣ ಬ್ಯಾರೇನೋ! ಹೊಳಿ ದಂಡ್ಯಾಗೂ ಒಳ್ಳೇವು ಇರ್ತಾವು, ನಮ್ಮ ಗುಡ್ಡದಾಗೂ ಕೆಟ್ಟವು ಇರ್ತಾವು.”

“ಹಂಗಾರ ನಮ್ಮ ಗಿಡದ ಬೀಜಾನೇ ಹಾಕ್ತೀನಿ, ಬಿಡು.”

“ಬೀಜಕ್ಕ ತಾಯಿ ಯಾರು ಗೊತ್ತು. ತಂದಿ ಯಾರು? ಜೇನುಹುಳ ಯಾವ ಗಿಡದ ಹೂವಿನ ಧೂಳು ತಂದು ಹಾಕೈತೋ! ತಾಯಿ ಹಂಗ ಬಂದ್ರೂ ಬರಬಹುದು, ಬರದೇ ಇರಬಹುದು. ಗೊತ್ತಾಗಾಕ ಎಂಟು ಹತ್ತು ವರ್ಷ ಕಾಯಬೇಕು. ನರ್ಸರಿಯವರನ್ನ ಕೇಳು. ಸಸಿ ತಲಿ ಕತ್ತರಿಸಿ, ಈ ಗಿಡದ ಕಡ್ಡಿ ಕೂಡಿಸಿ ಕಸಿ ಕಟ್ತಾರ. ಅದರಾಗ ಇದೇ ಹುಳಿ ಬರ್ತೈತಿ, ಬೇಗನೂ ಬರ್ತೈತಿ. ಗಿಡಾನೇ ಸುಟ್ಟಮ್ಯಾಲ ಕಡ್ಡಿ ಎಲ್ಲಿಂದ ತರ್ತೀಯೋ?”

ಪಾಲಣ್ಣ ತಕ್ಕಡಿಯ ಹತ್ತಿರ ಕೂತ. ಎರಡೂ ತಟ್ಟೆಯ ಹುಳಿಯನ್ನು ಒಂದೊಂದು ಕೈಗೆತ್ತಿ ತಾನೇ ತೂಗಿ ನೋಡಿದ.

ಬೆಳಿಗ್ಗೆ ಗುರುಸಂಗಪ್ಪ ಆಳುಗಳೊಂದಿಗೆ ಬಂದಾಗ ಪಾಲಣ್ಣ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದ.

“ಗಿಡ ಕೊಡಾಂಗಿಲ್ರಿ.”

“ಮಾತು ಕೊಟ್ಟೀಯಲ್ಲೋ!”

“ತೂಕ ನೋಡದೇ ಕೊಟ್ಟಿದ್ದೆ. ತಪ್ಪು ನಂದು. ಬೈಯ್ರಿ, ಬೈಸಿಕೊಳ್ತೀನಿ.”

ಗುರುಸಂಗಪ್ಪ ಹೊಟ್ಟೆ ತುಂಬ ಬೈದು ಹೋದ. ಮರ ಉಳಿಯಿತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ರೈತರೇ, ನಿಮಗೆ ಇನ್ನೆಷ್ಟು ಸಲ ಹೇಳಬೇಕು? ಮರ ಕಡಿಯುವ ಮುಂಚೆ ಒಂದು ಕಿಲೋ ಹಣ್ಣು ಒಡೆದು ಹುಳಿ ತೂಗಿ. ಯಾವುದು ಒಳ್ಳೆಯದೆಂದು ನಿಮಗೆ ಗೊತ್ತಿಲ್ಲದಿದ್ದರೆ ಮನೆಯ ಹೆಂಗಸರನ್ನು ಕೇಳಿ, ಬಡಿಯುವವರು ಅವರೇ. ಒಳ್ಳೆಯ ಮರಕ್ಕೆ ಸುಣ್ಣದ ಗುರುತು ಹಾಕಿ, ಅದರ ಕಡ್ಡಿಯಿಂದ ಕಸಿ ಕಟ್ಟಿಸಿ. ಇವತ್ತು ಮಧ್ಯಾಹ್ನವೇ ಹೋಗಿ ನಿಮ್ಮ ಬದುವಿನ ಮರ ನೋಡಿ ಬನ್ನಿ. ಅಂಥ ಮರ ಊರಿಗೆ ಒಂದೇ ಇರಬಹುದು, ಅದು ನಿಮ್ಮದೇ ಆಗಿರಬಹುದು.