ಜಪದ ಇನ್ನರ್ಧ

ಶವಪೆಟ್ಟಿಗೆಯಲ್ಲಿ ಮಲಗಿದ್ದ ಅಪ್ಪನ ಟೈ ಸರಿಮಾಡುತ್ತಲೇ ಲೊರೇನ್ ಹೇಳಿದಳು, “ಇಂಗ್ಲಿಷಲ್ಲೇ ಮಾಡ್ಸೋಣ ಅತ್ತೆ. ಹಟ ಮಾಡ್ಬೇಡ.”

“ಈ ಊರಲ್ಲಿ ಸತ್ತೋರ್ಗೆಲ್ಲ ನಿಮ್ಮಪ್ಪ ಫ್ರೆಂಚಲ್ಲೇ ಜಪಸರ ಹೇಳಿ ಕಳಿಸ್ದ. ಅವನನ್ನ ಹೆಂಗೆ ಇಂಗ್ಲಿಷಲ್ಲಿ ಕಳಿಸ್ಲಿ?” ಎಂದಳು ತೀರಿಕೊಂಡ ಓವೀಡನ ಅಕ್ಕ ಯೂಲಾ.

“ನೀನು ಅರ್ಧ ಹೇಳ್ತೀಯ. ಇನ್ನರ್ಧ ಹೇಳೋಕೆ ಯಾರಿದಾರೆ? ನಂಗೇ ಬರಲ್ಲ.”

ಅದು ನಿಜವೇ. ಅಮೆರಿಕದ ಲೂಯಿಸಿಯಾನಾದ ಈ ಹಿನ್ನೀರಿನ ದಂಡೆಯಲ್ಲಿ ಫ್ರೆಂಚಿನಲ್ಲಿ ಜಗಳವಾಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಮಣ್ಣು ಸೇರಿದ್ದರು. ಅವರ ಮಕ್ಕಳು ಕಾಫಿ ಹಿಡಿದು, ಸಿಗಡಿ ಸೀಸನ್ನಿನ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುತ್ತ ಕೂತಿದ್ದರು.

ಬಾಗಿಲಲ್ಲಿ ಕಾರ್ಲ್ ಡೂಗಾ ಕಾಣಿಸಿಕೊಂಡ. ಚುನಾವಣೆಗೆ ನಿಂತು, ‘ನಮ್ಮ ಫ್ರೆಂಚ್ ಉಳಿಸಿ’ ಎಂದು ಊರತುಂಬ ಬೋರ್ಡು ಹಾಕಿಸಿದ್ದವನು. ಯಾರ ಮನೆಯ ಸಾವನ್ನೂ ಬಿಡುತ್ತಿರಲಿಲ್ಲ.

“ಬಂದ ನೋಡು ಹೆಡ್‌ಮಾಸ್ಟರ ಮಗ,” ಎಂದಳು ಯೂಲಾ. “ಅಪ್ಪ ಕಿತ್ಕೊಂಡ, ಮಗ ಹಂಚ್ತಾವ್ನೆ.”

* * *

ಲೊರೇನ್ ಚಿಕ್ಕವಳಿದ್ದಾಗ ಓವೀಡ್ ಶಾಲೆಯ ಬಸ್ಸು ಓಡಿಸುತ್ತಿದ್ದ. ಬಸ್ಸಿನಲ್ಲಿ ಫ್ರೆಂಚ್ ಮಾತಾಡುವ ಮಕ್ಕಳ ಹೆಸರು ತಿಳಿಸಬೇಕೆಂದು ಹೆಡ್‌ಮಾಸ್ಟರ್ ಡೂಗಾ ಕಟ್ಟಪ್ಪಣೆ ಮಾಡಿದ್ದರು. ಸಿಕ್ಕಿಬಿದ್ದವರ ಬಾಯಿಗೆ ಸೋಪು. ಓವೀಡನೂ ಹುಡುಗನಾಗಿದ್ದಾಗ ಅದೇ ಶಾಲೆಯಲ್ಲಿ ಸೋಪು ತಿಂದವನೇ. ಅವನು ರೇಡಿಯೋ ಜೋರು ಮಾಡಿಬಿಡುತ್ತಿದ್ದ.

“ಏನ್ ಓವೀಡ್, ಇವತ್ತೂ ಯಾರೂ ಇಲ್ವಾ?”

“ರೇಡಿಯೋ ಗಲಾಟೇಲಿ ಏನೂ ಕೇಳ್ಸಲ್ಲ ಸಾರ್.”

ಮನೆಯಲ್ಲಿ ಮಾತ್ರ ಮಗಳು ಫ್ರೆಂಚಿನಲ್ಲಿ ನೀರು ಕೇಳಿದರೆ, ಇಂಗ್ಲಿಷಿನಲ್ಲಿ ಕೇಳುವವರೆಗೂ ಕಿವುಡನಂತೆ ಕೂತಿರುತ್ತಿದ್ದ. ಅವಳ ಬಾಯಿಗೆ ಸೋಪು ಬೀಳಬಾರದು, ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಪಾಪ, ಅದರಲ್ಲಿ ಗೆದ್ದ.

* * *

ಯೂಲಾ ಜಪಸರದ ಮಣಿ ಹಿಡಿದು ಫ್ರೆಂಚಿನಲ್ಲೇ ಶುರುಮಾಡಿದಳು. ‘ನಮೋ ಮರಿಯ’ ಪ್ರಾರ್ಥನೆಯ ಅರ್ಧ ಹೇಳಿ ನಿಲ್ಲಿಸಿದಳು. ಉಳಿದದ್ದನ್ನು ನೆರೆದವರು ಹೇಳಬೇಕು, ಆಮೇಲೆಯೇ ಮುಂದಿನ ಮಣಿ. ಯಾರೋ ಕೆಮ್ಮಿದರು. ಲೊರೇನ್ ಬಾಯಿ ತೆರೆದಳು, ಏನೂ ಬರಲಿಲ್ಲ. ಅಪ್ಪನೆದುರು ನಿಂತು ಅವಳಿಗೆ ನಾಚಿಕೆಯಾಯಿತು.

ಹಿಂದಿನ ಸಾಲಿನಿಂದ ಕಾರ್ಲ್ ಡೂಗಾನ ದನಿ ಇನ್ನರ್ಧವನ್ನು ಹೇಳಿತು. ಪ್ಯಾರಿಸ್ಸಿನಲ್ಲಿ ಓದಿ ಕಲಿತ, ಇಸ್ತ್ರಿ ಹಾಕಿದಂಥ ಫ್ರೆಂಚು. ಒಂದಕ್ಷರವೂ ತಪ್ಪಿರಲಿಲ್ಲ.

“ಅವನು ಹೇಳೋದು ನಿಂಗೆ ಬೇಡ ಅಂದ್ರೆ ಇಲ್ಲಿಗೇ ನಿಲ್ಸೋಣ ಅತ್ತೆ,” ಲೊರೇನ್ ಪಿಸುಗುಟ್ಟಿದಳು.

“ನಿಲ್ಸಿದ್ರೆ ನಿಮ್ಮಪ್ಪ ಅರ್ಧದಾರೀಲಿ ನಿಂತ್ಕೋತಾನೆ.”

ಯೂಲಾಗೆ ಸಾಕಾಗಿಹೋಗಿತ್ತು. ಪಕ್ಕದ ಕುರ್ಚಿಯ ಮೇಲಿದ್ದ ಕೈಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ, ಹಿಂದೆ ತಿರುಗಿ ನೋಡದೆಯೇ, ಆ ಖಾಲಿ ಕುರ್ಚಿಯನ್ನು ಬಾ ಎಂಬಂತೆ ಕೈಯಿಂದ ತಟ್ಟಿದಳು.