ಇಳಿಯುವ ಜಾಗ

ಅರವತ್ತೆರಡನೆಯ ವಯಸ್ಸಿನಲ್ಲಿ ಕುದುರೆ ಹತ್ತಲು ಕಲಿತೆ ಎಂದರೆ ನಗು ಬರುವವರು ಮೊದಲು ನಕ್ಕು ಮುಗಿಸಿ, ಆಮೇಲೆ ಮಿಕ್ಕದ್ದನ್ನು ಕೇಳಿ. ಮೂವತ್ತಾರು ವರ್ಷ ಸರ್ಕಾರಿ ನರ್ಸಾಗಿ ಈ ಸುತ್ತಿನ ಹಳ್ಳಿಗಳಿಗೆಲ್ಲ ಸೂಜಿ ಚುಚ್ಚಿದವಳು ನಾನು, ಅನಸೂಯಮ್ಮ. ಈಗ ಮೀಸೆ ತಿರುವಿಕೊಂಡು ಓಡಾಡುವ ಎಷ್ಟೋ ಗಂಡಸರು ಒಂದು ಕಾಲದಲ್ಲಿ ನನ್ನ ಕೈಚೀಲ ಕಂಡು ಮಂಚದ ಕೆಳಗೆ ತೂರಿದವರೇ. ನಗುವಾಗ ಅದನ್ನೂ ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೆಯದು.

ಎಲ್ಲಾ ಶುರುವಾದದ್ದು ಮುನಿಗಂಗಪ್ಪನ ಪಾದದಿಂದ. ಮೇಲೂರಿನಿಂದ ಮೂರು ಕಿಲೋಮೀಟರ್ ಒಳಗಿದೆ ನಮ್ಮೂರು. ಊರು ಕೆರೆಯ ಈ ಕಡೆ, ನಮ್ಮ ಕಾಲೊನಿ ಆ ಕಡೆ. ಕಾಲೊನಿಯಲ್ಲಿ ನಮ್ಮ ಮನೆಯಿಂದ ನಾಲ್ಕನೆಯದು ಮುನಿಗಂಗಪ್ಪನದು. ಮದುವೆ ಮೆರವಣಿಗೆಗಳಿಗೆ ಕುದುರೆ ಕೊಡುವುದು ಅವನ ಕಸುಬು. ಇರುವುದು ಒಂದೇ ಕುದುರೆ, ಬಿಳಿಯದು, ಹೆಣ್ಣು. ಹೆಸರು ರೇಷ್ಮಾ. ರೇಷ್ಮೆಗೆ ಹೆಸರಾದ ಶಿಡ್ಲಘಟ್ಟದ ಸೀಮೆಯಲ್ಲಿದ್ದಾಳೆಂದು ಹಾಗೆ ಹೆಸರಿಟ್ಟಿದ್ದಾನೆ ಎಂದು ಎಲ್ಲರೂ ತಿಳಿದಿದ್ದಾರೆ. ಹಾಗೇನಿಲ್ಲ, ಮುರುಗಮಲ್ಲದ ದರ್ಗಾ ಹತ್ತಿರದ ಒಬ್ಬ ಹಿರಿಯರಿಂದ ಹೆಸರಿನ ಸಮೇತ ಕೊಂಡು ತಂದ ಕುದುರೆ ಅದು. ಹಾಗಾಗಿ ಅವಳಿಗೆ ಉರ್ದು ಬಿಟ್ಟರೆ ಬೇರೆ ಭಾಷೆ ಬಾರದು. ‘ನಡಿ’ ಎಂದರೆ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ‘ಚಲ್ ಬೇಟಿ’, ಅಂದರೆ ‘ನಡಿ ಮಗಳೇ’, ಎಂದು ಮುದ್ದು ಮಾಡಿದರೆ ಹೊರಡುತ್ತಾಳೆ.

ಹೋದ ಡಿಸೆಂಬರಿನಲ್ಲಿ ರೇಷ್ಮಾ ತನ್ನ ಯಜಮಾನನ ಪಾದವನ್ನೇ ತುಳಿದಳು. ಪಟ್ಟಿ ಕಟ್ಟಲು ನಾನು ಹೋದೆ. ಅವನಿಗೆ ಪಾದಕ್ಕಿಂತ ಕುದುರೆಯದೇ ಚಿಂತೆ.

“ಧನುರ್ಮಾಸ ಕಣಕ್ಕ. ಒಂದು ತಿಂಗಳು ಮದುವೆ ಇಲ್ಲ. ನಿಂತಲ್ಲೇ ನಿಂತ್ರೆ ಇವಳ ಕಾಲು ಊದ್ಕೊಳ್ತವೆ. ಬೆನ್ನ ಮೇಲೆ ಯಾರೂ ಕೂರದಿದ್ರೆ ಅಭ್ಯಾಸ ತಪ್ಪಿ, ಸಂಕ್ರಾಂತಿ ಆದ್ಮೇಲೆ ಮದುವೆ ಗಂಡನ್ನ ಎತ್ತಿ ಎಸೀತಾಳೆ.”

“ನಾನು ಕೂರ್ತೀನಿ ಬಿಡು,” ಎಂದೆ. ಮಾತು ಬಾಯಿಂದ ಹಾರಿಯೇ ಹೋಗಿತ್ತು.

“ಅಕ್ಕಾ, ತಮಾಷೆ ಮಾಡಬೇಡ.”

“ತಮಾಷೆ ಮಾಡೋಳ ಥರ ಕಾಣ್ತೀನೇನೋ? ಕಾಲು ಅಲ್ಲಾಡಿಸ್ಬೇಡ.”

ಆ ಮಾತು ಸುಮ್ಮನೆ ಹಾರಿದ್ದಲ್ಲ, ಐವತ್ತು ವರ್ಷದಿಂದ ನನ್ನ ಹೊಟ್ಟೆಯಲ್ಲಿ ಕೂತಿತ್ತು. ನಮ್ಮಪ್ಪ ಕೋನಪ್ಪ ಊರಿನ ದೊಡ್ಡಮನೆಯ ಕುದುರೆ ನೋಡಿಕೊಳ್ಳುತ್ತಿದ್ದ. ಹುಲ್ಲು ಕೊಯ್ದು ತರುವುದು, ಹುರುಳಿ ಬೇಯಿಸುವುದು, ಮೈ ಉಜ್ಜುವುದು ಎಲ್ಲಾ ಅವನೇ. ದೊಡ್ಡಮನೆಯ ಮುಂಬಾಗಿಲ ಎದುರು, ಕುದುರೆ ಹತ್ತಲೆಂದೇ ಹಾಕಿಸಿದ ಒಂದು ಎತ್ತರದ ಕಲ್ಲಿದೆ. ದಿನಾ ಬೆಳಗ್ಗೆ ಅಪ್ಪ ಅದರ ಪಕ್ಕ ಕುದುರೆ ಹಿಡಿದು ನಿಲ್ಲುತ್ತಿದ್ದ. ಯಜಮಾನರಾದ ಚೆನ್ನರಾಯಪ್ಪನವರು ಆ ಕಲ್ಲಿನಿಂದ ಹತ್ತಿ ಹಿಪ್ಪುನೇರಳೆ ತೋಟಕ್ಕೆ ಹೋಗುತ್ತಿದ್ದರು. ಅಪ್ಪ ಮಾತ್ರ ಹತ್ತುವ ಹಾಗಿರಲಿಲ್ಲ. ಹತ್ತಬೇಡವೆಂದು ಯಾರೂ ಹೇಳಿರಲಿಲ್ಲ, ನಮ್ಮ ಜನಕ್ಕೆ ಅದನ್ನು ಹೇಳಬೇಕಾಗಿಯೂ ಇರಲಿಲ್ಲ. ಒಂದು ಚಳಿಗಾಲದ ಸಂಜೆ ಶಿಡ್ಲಘಟ್ಟದಲ್ಲಿ ಲಾಳ ಹೊಡೆಸಿಕೊಂಡು ಬರುವಾಗ ಕತ್ತಲಾಯಿತು. ಕೆರೆ ಏರಿಯ ಮೇಲೆ ನರಪಿಳ್ಳೆ ಇರಲಿಲ್ಲ. ಅಪ್ಪ ಹತ್ತಿ ಕೂತ. ಸಾಯುವವರೆಗೂ ಆ ಕಥೆಯನ್ನು ಅವನು ಒಂದೇ ರೀತಿ ಮುಗಿಸುತ್ತಿದ್ದ:

“ಅರಳಿಕಟ್ಟೆ ತನಕ ರಾಜ ಇದ್ದಂಗೆ ಬಂದೆ ಕಣಮ್ಮ. ಆಮೇಲೆ ಊರು ಬಂತು, ಇಳಿದೆ.”

ಹೇಳಿ ನಗುತ್ತಿದ್ದ. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ಇಳಿದ ಜಾಗದಲ್ಲಿ ಇಳಿಯದೆ, ಕುದುರೆಯ ಮೇಲೆ ಕೂತೇ ಊರ ಬೀದಿಯಲ್ಲಿ ಹೋಗಬೇಕು. ಒಂದೇ ಒಂದು ಸಲ. ನನಗೆ ಬೇಕಾಗಿದ್ದದ್ದು ಇಷ್ಟೇ.

ಹಗಲಲ್ಲಿ ಕಲಿಯುವ ಧೈರ್ಯ ನನಗಿರಲಿಲ್ಲ. ಬಿದ್ದರೆ ಮೂಳೆ ಕೂಡಿಕೊಳ್ಳುತ್ತದೆ, ಊರವರ ನಾಲಗೆಗೆ ಮಾತ್ರ ಪಟ್ಟಿ ಕಟ್ಟಲಾಗುವುದಿಲ್ಲ. ಅದಕ್ಕೇ ಸಂಜೆ ಏಳು ಗಂಟೆ ಗೊತ್ತು ಮಾಡಿಕೊಂಡೆ. ಆ ಹೊತ್ತಿಗೆ ಕತ್ತಲಾಗಿ, ಚಳಿಗೆ ಹೆದರಿ ಎಲ್ಲರೂ ಬಾಗಿಲು ಹಾಕಿಕೊಂಡು ಧಾರಾವಾಹಿಯ ಮುಂದೆ ಕೂತಿರುತ್ತಾರೆ. ಮಗಳು ತನುಜ ಚಿಂತಾಮಣಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಅವಳು ಬಿಟ್ಟು ಹೋಗಿದ್ದ ಟ್ರ್ಯಾಕ್ ಪ್ಯಾಂಟು, ನನ್ನ ಸ್ವೆಟರು, ಮೇಲೊಂದು ಮಂಕಿ ಕ್ಯಾಪು. ಇದು ನನ್ನ ವೇಷ.

“ಅಮ್ಮ, ಸೊಂಟ ಮುರ್ಕೊಂಡ್ರೆ ಯಾರು ನೋಡ್ಕೊಳ್ತಾರೆ?” ಎಂದು ಫೋನಿನಲ್ಲಿ ಕೂಗಾಡಿದಳು.

“ನಾನೇ ನರ್ಸಲ್ವೇನೇ,” ಎಂದೆ.

ಮೊದಲ ದಿನ ಮುನಿಗಂಗಪ್ಪನ ಮನೆಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು ಈ ಕಡೆಯಿಂದ ಹತ್ತಿದೆ. ಹತ್ತಿದ ರಭಸಕ್ಕೆ ಆ ಕಡೆ ಇಳಿದೂ ಬಿಟ್ಟೆ, ಹಿಪ್ಪುನೇರಳೆ ಕಡ್ಡಿಯ ರಾಶಿಯ ಮೇಲೆ. ಪುಣ್ಯಕ್ಕೆ ಏನೂ ಆಗಲಿಲ್ಲ. ಎರಡನೆಯ ದಿನ ಕೂತೆ. ನಾಲ್ಕನೆಯ ದಿನಕ್ಕೆ ಲಗಾಮು ಸಡಿಲ ಬಿಟ್ಟು ಕೆರೆ ಏರಿಯ ಮೇಲೆ ಹೋದೆ. ಮೊಣಕಾಲ ಕೆಳಗೆ ಕುದುರೆಯ ಮೈ ಬೆಚ್ಚಗಿತ್ತು, ಮೂಗಿನ ತುದಿ ಮಾತ್ರ ಹೆಪ್ಪುಗಟ್ಟಿತ್ತು. ರೇಷ್ಮಾ ಉಸಿರು ಬಿಟ್ಟಾಗಲೆಲ್ಲ ಬಿಳಿ ಹಬೆ ಏಳುತ್ತಿತ್ತು. ನೆಲದಿಂದ ಅಷ್ಟು ಮೇಲೆ ಕೂತರೆ ಕೆರೆಯೂ ಬೇರೆ ಥರ ಕಾಣುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಖುಷಿಯಾಗಿ, ಯಾರೂ ಇಲ್ಲವೆಂದು ನೋಡಿಕೊಂಡು, ಜೋರಾಗಿ ನಕ್ಕೆ.

ಏರಿ ಮುಗಿದರೆ ಅರಳಿಕಟ್ಟೆ. ಅಲ್ಲಿ ಇಳಿದೆ.

ಅವತ್ತು ಮೊಣಕಾಲು ನೋವು ಎಂದುಕೊಂಡೆ. ಮಾರನೆಯ ದಿನ ನಾಯಿ ಬೊಗಳಿತೆಂದು ಇಳಿದೆ. ಅದರ ಮಾರನೆಯ ದಿನ ಬೀದಿ ದೀಪ ಬಹಳ ಬೆಳಕಾಗಿದೆ ಅನ್ನಿಸಿತು. ಕುಣಿಯಲಾರದವಳು ನೆಲ ಡೊಂಕು ಅಂದಹಾಗಾಯಿತು ನನ್ನ ಕಥೆ. ದಿನವೂ ಕಟ್ಟೆಯ ಹತ್ತಿರ ಬಂದ ಕೂಡಲೇ ಕಾಲು ತಾನೇ ತಾನಾಗಿ ಇಳಿಯುತ್ತಿತ್ತು. ಕುದುರೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ, ಕಟ್ಟೆಯ ಮೇಲೆ ನಿಂತು ಮತ್ತೆ ಹತ್ತಿ, ವಾಪಸು. ಇಡೀ ಊರಿಗೆ ಗದರಿದವಳಿಗೆ ತನ್ನ ಎರಡು ಕಾಲಿಗೆ ಗದರಲು ಆಗಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಪ್ಪನಿಗಾದರೂ ಇಳಿಯಲು ಕಾರಣವಿತ್ತು. ಹನ್ನೊಂದು ದಿನ ಹೀಗೇ ಆಯಿತು. ಕಟ್ಟೆ ಬಂದರೆ ನಾನು ಇಳಿಯಲೆಂದು ರೇಷ್ಮಾ ಕೂಡ ತಾನಾಗಿಯೇ ನಿಲ್ಲುವುದನ್ನು ಕಲಿತಳು.

ಹನ್ನೆರಡನೆಯ ದಿನವೂ ನಿಂತಳು. ನಾನು ಒಂದು ಕಾಲು ಹೊರಗೆ ತೆಗೆದೂ ಇದ್ದೆ. ಆಗ ಊರೊಳಗಿಂದ ಬ್ಯಾಂಡಿನ ಸದ್ದು ಕೇಳಿಸಿತು. ಬೀದಿಯ ನಡುವೆ ದೊಡ್ಡಮನೆಗೆ ಸೀರಿಯಲ್ ಲೈಟು ಹಾಕಿದ್ದರು, ಕೆಂಪು, ಹಸಿರು, ನೀಲಿ. ಚೆನ್ನರಾಯಪ್ಪನವರ ಮರಿಮಗುವಿನ ಹುಟ್ಟುಹಬ್ಬ ಎಂದು ಆಮೇಲೆ ತಿಳಿಯಿತು. ಹುಟ್ಟುಹಬ್ಬಕ್ಕೆ ಧನುರ್ಮಾಸ ಅಡ್ಡ ಬರುವುದಿಲ್ಲವಲ್ಲ. ಆದರೆ ಬಣ್ಣದ ಲೈಟು, ಬ್ಯಾಂಡು, ಬೆನ್ನ ಮೇಲೆ ಒಬ್ಬರು ಎಂದರೆ ರೇಷ್ಮಾಗೆ ಗೊತ್ತಿದ್ದದ್ದು ಒಂದೇ ಅರ್ಥ. ಕಿವಿ ನೆಟ್ಟಗೆ ಮಾಡಿದಳು, ಕತ್ತು ಬಿಲ್ಲಿನ ಹಾಗೆ ಬಾಗಿಸಿದಳು, ಹೆಜ್ಜೆ ಹಾಕುತ್ತಾ ಹೊರಟೇ ಬಿಟ್ಟಳು.

ಕಟ್ಟೆ ದಾಟಿಸಿದ್ದು ಅವಳು, ನಾನಲ್ಲ. ಲಗಾಮು ಎಳೆದೆ. “ನಿಲ್ಲೇ, ನಿಲ್ಲೇ” ಎಂದೆ. ಕನ್ನಡದಲ್ಲಿ ಹೇಳಿದ್ದು ಅವಳಿಗೇನು ತಿಳಿಯಬೇಕು? ನೇರವಾಗಿ ಹೋಗಿ ದೊಡ್ಡಮನೆಯ ಮುಂಬಾಗಿಲಿಗೆ ಮುಖ ಮಾಡಿ, ಆ ಕಲ್ಲಿನ ಪಕ್ಕದಲ್ಲೇ ನಿಂತಳು. ನಿಂತವಳು ಕಲ್ಲಾದಳು.

ಆ ಮನೆಯ ಮೂವರು ಮಕ್ಕಳ ಹೆರಿಗೆ ನನ್ನ ಕೈಯಲ್ಲೇ ಆಗಿದೆ. ಚೆನ್ನರಾಯಪ್ಪನವರ ಸೊಸೆ ಲಕ್ಷ್ಮೀನರಸಮ್ಮನಿಗೆ ಈಗಲೂ ಮೊಣಕಾಲು ನೋವಿಗೆ ಸೂಜಿ ಹಾಕುವವಳು ನಾನೇ. ಹೋಗುವುದು ಮಾತ್ರ ಹಿತ್ತಲ ಬಾಗಿಲಿನಿಂದ. “ಆ ಕಡೆಯಿಂದ ಬಾ ಅನಸೂಯಾ, ಅದೇ ಹತ್ರ” ಎಂದು ಆಕೆ ಮೊದಲ ದಿನ ಹೇಳಿದ್ದರು. ಮುಂಬಾಗಿಲಿಗೆ ಇಷ್ಟು ಹತ್ತಿರ ನಾನು ನಿಂತದ್ದು ಇದೇ ಮೊದಲು.

ಮಕ್ಕಳು ಕೂಗುತ್ತಾ ಹೊರಗೆ ಬಂದರು, ಮೊಬೈಲು ಎತ್ತಿದರು. ಅವರ ಹಿಂದೆ ಶಾಲು ಹೊದ್ದು ಲಕ್ಷ್ಮೀನರಸಮ್ಮ ಬಂದರು.

“ಯಾರಪ್ಪ ಅದು?”

“ನಾನಮ್ಮ,” ಎಂದು ಮಂಕಿ ಕ್ಯಾಪು ತೆಗೆದೆ.

“ಅನಸೂಯಾ! ಕುದುರೆ ಮೇಲೇನೇ ಮಾಡ್ತಿದ್ದೀಯ?”

“ಕೂತಿದ್ದೀನಿ. ಇದು ಕದಲ್ತಾ ಇಲ್ಲ, ತಡೀರಿ.”

ಮುನಿಗಂಗಪ್ಪನಿಗೆ ಫೋನು ಮಾಡಿದೆ. ಚಳಿಗೆ ಬೆರಳು ಮರಗಟ್ಟಿ ಯಾವುದನ್ನು ಒತ್ತಿದೆನೋ, ಸ್ಪೀಕರ್ ಆನ್ ಆಗಿ ಅವನ ದನಿ ಬೀದಿಗೆಲ್ಲ ಕೇಳಿಸಿತು.

“ಅಕ್ಕಾ, ಲೈಟು ಹಾಕಿರೋ ಮನೆ ಮುಂದೆ ನಿಂತ್ಲಾ? ಹಂಗಾದ್ರೆ ಆ ಮನೆಯವರು ಆರತಿ ಎತ್ತಬೇಕು. ಎತ್ತದೆ ಕದಲಲ್ಲ ಅವಳು, ಅಭ್ಯಾಸ ಹಂಗೆ. ಇಲ್ಲಾಂದ್ರೆ ನೀನು ಇಳಿದ್ಬಿಡು. ಕೈಯಲ್ಲಿ ಹಿಡ್ಕೊಂಡು ನಡೆಸಿದ್ರೆ ಸುಮ್ನೆ ಬರ್ತಾಳೆ.”

ಒಳಗೆ ಯಾರೋ ಬ್ಯಾಂಡಿನ ಹಾಡು ನಿಲ್ಲಿಸಿದರು.

“ಅಷ್ಟೇ ತಾನೆ,” ಎಂದರು ಲಕ್ಷ್ಮೀನರಸಮ್ಮ. “ಇಳಿದ್ಬಿಡೇ. ಕಲ್ಲು ಪಕ್ಕದಲ್ಲೇ ಇದೆ, ಕಾಲಿಡು.”

ಕಾಲು ಆಗಲೇ ಇಳಿಯಲು ಹೊರಟಿತ್ತು. ಹನ್ನೊಂದು ದಿನದ ರೂಢಿ, ಅದಕ್ಕೂ ಹಿಂದಿನ ಎಷ್ಟು ವರ್ಷದ್ದೋ. ಕೈಯಿಂದ ಮೊಣಕಾಲನ್ನು ಒತ್ತಿ ಹಿಡಿದೆ.

“ಇಳಿಯಲ್ಲಮ್ಮ.”

“ಯಾಕೆ?”

“ನಮ್ಮಪ್ಪ ಇಳಿದಿದ್ದ. ಅರಳಿಕಟ್ಟೆ ಹತ್ರ.”

ಲಕ್ಷ್ಮೀನರಸಮ್ಮ ನನ್ನನ್ನೇ ನೋಡಿದರು, ಆಮೇಲೆ ಆ ಕಲ್ಲನ್ನು ನೋಡಿದರು. ಒಳಗೆ ಹೋದರು. ಮುಗಿಯಿತು, ಇನ್ನು ಬೆಳಗಿನ ತನಕ ಇಲ್ಲೇ ಎಂದುಕೊಂಡೆ. ಆದರೂ ಇಳಿಯಬೇಕೆಂದು ಅನ್ನಿಸಲಿಲ್ಲ, ಅದು ನನಗೇ ಆಶ್ಚರ್ಯ.

ಐದು ನಿಮಿಷವಾಗಿರಬೇಕು. ಕೆಂಪು ನೀರಿನ ತಟ್ಟೆ ಹಿಡಿದು ಹೊರಗೆ ಬಂದರು.

“ನೀವು ಈಗ ಬುದ್ಧನ ಕಡೆಗೆ ಹೋದವರಲ್ವೇನೇ? ಆರತಿ ಆಗುತ್ತಾ?”

“ನನಗೆ ಬೇಡಮ್ಮ, ಕುದುರೆಗೆ ಬೇಕು.”

ಮಕ್ಕಳು ಕಿಸಕ್ಕನೆ ನಕ್ಕರು. ಆಕೆ ಕುದುರೆಯ ಮುಖಕ್ಕೆ ಮೂರು ಸುತ್ತು ಆರತಿ ಎತ್ತಿ ಹಣೆಗೆ ಬೊಟ್ಟಿಟ್ಟರು. ರೇಷ್ಮಾ ಕದಲಲಿಲ್ಲ.

“ಮೇಲಿರೋರಿಗೂ ಎತ್ತಬೇಕಮ್ಮಾ,” ಎಂದಿತು ಫೋನು. “ಇಲ್ದಿದ್ರೆ ಅವಳಿಗೆ ಗೊತ್ತಾಗ್ತದೆ.”

ಲಕ್ಷ್ಮೀನರಸಮ್ಮ ತಲೆಯೆತ್ತಿ ನೋಡಿದರು. ಕುಳ್ಳು ಹೆಂಗಸು, ಕೈ ಎಟುಕುವುದಿಲ್ಲ. “ಸ್ವಲ್ಪ ಬಗ್ಗೇ,” ಎನ್ನಬಹುದಿತ್ತು. ಅನ್ನಲಿಲ್ಲ. ತಟ್ಟೆಯನ್ನು ಒಂದು ಕೈಗೆ ಬದಲಾಯಿಸಿ, ಇನ್ನೊಂದು ಕೈಯಲ್ಲಿ ನನ್ನ ಮೊಣಕಾಲು ಹಿಡಿದು, “ಅಯ್ಯೋ ದೇವರೇ” ಎನ್ನುತ್ತಾ ಆ ಕಲ್ಲು ಹತ್ತಿದರು. ಈಗ ಇಬ್ಬರ ಮುಖಗಳೂ ಒಂದೇ ಎತ್ತರದಲ್ಲಿದ್ದವು.

“ಕೋನಪ್ಪ ಇಲ್ಲೇ ನಿಲ್ತಿದ್ದ,” ಎಂದರು ತಟ್ಟೆ ಸುತ್ತಿಸುತ್ತಾ, ನನಗೆ ಮಾತ್ರ ಕೇಳುವ ಹಾಗೆ. “ನಾನು ಮದುವೆಯಾಗಿ ಬಂದ ಹೊಸದರಲ್ಲಿ ದಿನಾ ಕಿಟಕಿಯಿಂದ ನೋಡ್ತಿದ್ದೆ. ಕುದುರೆ ಜೊತೆ ಮಾತಾಡ್ತಿದ್ದ.”

ನನಗೆ ಅಳು ಬಂತು. ತಡೆಯಲು ಹೋಗಲಿಲ್ಲ.

“ಇನ್ಮೇಲೆ ಈ ಕಡೆಯಿಂದಾನೇ ಬಾ, ಅನಸೂಯಾ. ಇದೂ ಹತ್ರಾನೇ.”

“ಅದು ಗೊತ್ತಾಗೋಕೆ ಮೂವತ್ತಾರು ವರ್ಷ ಬೇಕಾಯ್ತಾ ಅಮ್ಮ?”

ಆಕೆಯ ಕೈ ನಿಂತಿತು. “ಬೇಕಾಯ್ತು,” ಎಂದರು. ಒದ್ದೆ ಬೆರಳಿನಿಂದ ನನ್ನ ಹಣೆಗೆ ಕೆಂಪು ಹಚ್ಚಿದರು. “ಚಳಿ. ಹುಷಾರಾಗಿ ಹೋಗು.”

ರೇಷ್ಮಾ ಮಕ್ಕಳು ಕೊಟ್ಟ ಒಂದು ಬಾಳೆಹಣ್ಣು ತಿಂದು, ಕೆಲಸ ಮುಗಿಯಿತೆಂಬಂತೆ ತಲೆ ಕೊಡವಿ ಹೊರಟಳು. ಬೀದಿಯಲ್ಲಿ ಅಷ್ಟರಲ್ಲಿ ಬಾಗಿಲುಗಳೆಲ್ಲ ತೆರೆದಿದ್ದವು. ಧಾರಾವಾಹಿ ಬಿಟ್ಟು ಜನ ಹೊರಗೆ ನಿಂತಿದ್ದರು. “ನರ್ಸಮ್ಮ, ಯಾವಾಗ ಮದುವೆ?” ಎಂದು ಯಾರೋ ಕೇಳಿದರು. “ನಾಳೆ ಬಾ, ದೊಡ್ಡ ಸೂಜಿ ತರ್ತೀನಿ,” ಎಂದೆ. ಬೀದಿಯ ಕೊನೆಯವರೆಗೂ ಹೋಗಿ, ತಿರುಗಿಸಿಕೊಂಡು, ಮತ್ತೆ ಅದೇ ಬೀದಿಯಲ್ಲಿ ಬಂದೆ. ಯಾವ ಅವಸರವೂ ಇರಲಿಲ್ಲ.

ಅರಳಿಕಟ್ಟೆ ಬಂತು. ನಾನು ಇಳಿಯುವ ಜಾಗವೆಂದು ರೇಷ್ಮಾ ನಿಂತಳು. ಸ್ವಲ್ಪ ಹೊತ್ತು ಕಾದು, ಕತ್ತು ಹೊರಳಿಸಿ ನನ್ನ ಕಾಲನ್ನು ಮೂಸಿದಳು.

“ಚಲ್ ಬೇಟಿ,” ಎಂದೆ. ನನ್ನ ದನಿ ಥೇಟ್ ಅಪ್ಪನದರ ಹಾಗೆ ಕೇಳಿಸಿತು.

ಕೆರೆ ಏರಿಯ ಮೇಲೆ ಮಂಜು ಇಳಿದಿತ್ತು. ಆ ಕಡೆ ಕಾಲೊನಿಯ ದೀಪಗಳು ಒಂದೊಂದಾಗಿ ಕಂಡವು. ಆಚೆ ತನ್ನ ಮನೆಯ ಒಗೆಯುವ ಕಲ್ಲಿನ ಹತ್ತಿರ ಮುನಿಗಂಗಪ್ಪ ಒಂಟಿ ಕಾಲಿನಲ್ಲಿ ಕಾಯುತ್ತಾ ನಿಂತಿದ್ದ. ನಮ್ಮ ಮನೆ ಬಂತು, ಇಳಿದೆ.