ಮಡಕೆಯೊಳಗಿನ ಬಸವ

ಮಾಗಿಯಲ್ಲಿ ತಿಪ್ಪೆ ಕೆದಕುವಾಗ ಸಿಕ್ಕ ದಪ್ಪ ಬಿಳಿ ಹುಳುವನ್ನು ಕೋಳಿಗೆ ಎಸೆಯದೆ ಅಣ್ಣನ ಮಕ್ಕಳ ಕೈಗೆ ಕೊಟ್ಟವನು ಕೆಂಚಪ್ಪನೇ. ಗೌರಿ, ರಂಗ ಇಬ್ಬರೂ ಅದನ್ನು ಗೊಬ್ಬರ ತುಂಬಿದ ಒಡಕು ಮಡಕೆಯಲ್ಲಿ ಸಾಕಿದರು. ಬೇಸಿಗೆಯಲ್ಲಿ ಅದು ಗೂಡು ಮಾಡಿಕೊಂಡು ಮಲಗಿತು.

"ಮುಂದೆ ಏನಾಯ್ತದೆ ಚಿಕ್ಕಪ್ಪ?"

"ನೋಡೀರಂತೆ ಬುಡಿ" ಎನ್ನುತ್ತಿದ್ದ. ಗೊತ್ತಿದ್ದರೂ ಹೇಳಲು ಬಾಯಿ ಬರಲಿಲ್ಲ.

ಮುಂಗಾರಿನ ಮೊದಲ ಮಳೆಗೆ ಕೊಂಬು ಹೊತ್ತ ಕಪ್ಪು ದುಂಬಿ ಹೊರಬಂತು. ರಂಗ ಅದಕ್ಕೆ ಬಸವ ಎಂದು ಹೆಸರಿಟ್ಟ.

ಅದೇ ಹೊತ್ತಿಗೆ ಅಣ್ಣ ಹನುಮಂತಯ್ಯ ತೂತುಬಿದ್ದ ತೆಂಗಿನ ಸುಳಿಯೊಂದನ್ನು ಹಿಡಿದು ತೋಟದಿಂದ ಬಂದ. "ಇವು ಹೊಸ ಸಸಿಗಳ ಸುಳಿ ತಿಂದಾಕವೆ. ನೀನಿಲ್ಲಿ ಅದನ್ನೇ ಸಾಕ್ತಿದೀಯೇನ್ಲಾ? ಸ್ಕೂಲ್ ಬುಟ್ಟೋನು ಮೇಷ್ಟ್ರಾಗಕ್ಕೆ ಹೊಂಟವ್ನೆ. ಹೊಸಕಾಕು."

ಕೆಂಚಪ್ಪನ ಮೈಯೆಲ್ಲ ಉರಿಯಿತು. ಆದರೆ ಆ ಸಸಿಗಳಿಗೆ ಬೇಸಿಗೆಯಿಡೀ ಬಿಂದಿಗೆಯಲ್ಲಿ ನೀರು ಹೊತ್ತವನೂ ಅವನೇ.

"ದೂರ ಬುಟ್ಟು ಬರಾನ ಚಿಕ್ಕಪ್ಪ, ಶೆಟ್ಟಿಕೆರೆ ತಾವ" ಎಂದಳು ಗೌರಿ.

"ಅಲ್ಲೂ ತೆಂಗೇ ಕಣವ್ವ."

"ಅದ್ರಾಚೆಗೆ?"

ಅದರಾಚೆಗೂ ತೆಂಗೇ. ಅವನು ಕೈ ಚಾಚಿದ. ರಂಗ ದುಂಬಿಯನ್ನು ಆ ಅಂಗೈ ಮೇಲಿಟ್ಟು, "ಮೆತ್ತಗೆ ಹಿಡ್ಕ ಚಿಕ್ಕಪ್ಪ, ಕಾಲು ಮುರ್ದೋದಾವು" ಎಂದ.